ಒಳಗೆ ಬಿಟ್ಟುಕೊಂಡದ್ದೇ ದಾರಿ



ಬಿ.ಜಿ. ಕೆರೆಯ ಒಂದು ಮನೆಯಲ್ಲಿ ಯಾರೋ ಮೊಬೈಲ್ ಹಿಡಿದು ವಿಡಿಯೊ ಒತ್ತುತ್ತಾರೆ. ಆ ಬೇಡಿಕೆ ಊರಿನಿಂದ ಹೊರಬೀಳುವಾಗ ದಾರಿ ಹುಡುಕುವ ತಾಪತ್ರಯವೇನೂ ಇರುವುದಿಲ್ಲ. ಮನೆಯ ರೂಟರ್‌ಗೆ ಗೊತ್ತಿರುವುದು ಒಂದೇ ದಾರಿ. ಎಲ್ಲಿಗೆ ಹೋಗಬೇಕಾದದ್ದನ್ನೂ ಸಂಪರ್ಕ ಕೊಟ್ಟ ಕಂಪನಿಯ ಕಡೆಗೆ ತಳ್ಳಿಬಿಡುತ್ತದೆ. ಇದನ್ನು ಡೀಫಾಲ್ಟ್ ರೂಟ್ ಅನ್ನುತ್ತಾರೆ. ಯಾವ ದಾರಿ ಹಿಡಿಯಬೇಕೆಂಬ ಪ್ರಶ್ನೆ ಏಳುವುದು ಒಂದಕ್ಕಿಂತ ಹೆಚ್ಚು ದಾರಿ ಕೂಡುವ ಕಡೆ. ಅಲ್ಲಿ ಕೂತ ರೂಟರ್ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವ ನಿಯಮಗಳ ಬಗ್ಗೆ ಇವತ್ತು ನಾಲ್ಕು ಮಾತು.

ವಿಷಯ ಹತ್ತಿರವಾಗಲಿ ಎಂದು ಒಂದು ಕಲ್ಪನೆ ಮಾಡಿಕೊಳ್ಳೋಣ. ಚಳ್ಳಕೆರೆಯಲ್ಲಿ ಒಬ್ಬರು ಕೇಬಲ್ ಟಿವಿ ನಡೆಸುತ್ತಿದ್ದವರು ಇಂಟರ್ನೆಟ್ ಸೇವೆಗೂ ಇಳಿದಿದ್ದಾರೆ. ಕೇಂದ್ರದ ದೂರಸಂಪರ್ಕ ಇಲಾಖೆ ಈ ಸೇವೆಗೆ ಎ, ಬಿ, ಸಿ ಎಂದು ಮೂರು ದರ್ಜೆಯ ಪರವಾನಗಿ ಕೊಡುತ್ತದೆ. ಎ ದೇಶಕ್ಕೆಲ್ಲ, ಬಿ ರಾಜ್ಯದಂಥ ದೊಡ್ಡ ವಲಯಕ್ಕೆ, ಸಿ ಹೆಚ್ಚು ಕಡಿಮೆ ಒಂದು ಜಿಲ್ಲೆಯಷ್ಟು ಪ್ರದೇಶಕ್ಕೆ. ನಮ್ಮವರದು ಸಿ ದರ್ಜೆ. ತಳಕು, ಬಿ.ಜಿ. ಕೆರೆ, ಹಾನಗಲ್ ಎಂದು ಫೈಬರ್ ಎಳೆದು ಮನೆಮನೆಗೆ ಸಂಪರ್ಕ ಕೊಟ್ಟಿದ್ದಾರೆ. ಒಂದೇ ದೊಡ್ಡ ಕಂಪನಿಯನ್ನು ನಂಬಿದರೆ ಅವರ ಫೈಬರ್ ಕತ್ತರಿಸಿದ ದಿನ ಊರೆಲ್ಲ ಬಾಯಿಗೆ ಬಂದಂತೆ ಬೈಯುತ್ತದೆ. ಅದಕ್ಕೇ ಎರಡು ದೊಡ್ಡ ಕಂಪನಿಗಳಿಂದ ಸಂಪರ್ಕ ಕೊಂಡಿದ್ದಾರೆ. ಒಂದನ್ನು ಮೊದಲನೆಯದು, ಇನ್ನೊಂದನ್ನು ಎರಡನೆಯದು ಎಂದೇ ಕರೆಯೋಣ. ಮೊದಲನೆಯದು ಸಣ್ಣ ಕೊಳವೆ, ದರ ಜಾಸ್ತಿ. ಎರಡನೆಯದು ದೊಡ್ಡ ಕೊಳವೆ, ದರ ಕಡಿಮೆ.

ಎರಡು ಕಡೆಯಿಂದ ಸಂಪರ್ಕ ಬಂದ ಮೇಲೆ ಬಿಜಿಪಿ ಬೇಕಾಗುತ್ತದೆ. ಬಾರ್ಡರ್ ಗೇಟ್‌ವೇ ಪ್ರೋಟೊಕಾಲ್ ಎಂಬುದು ಇದರ ಪೂರ್ತಿ ಹೆಸರು. 1989ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್ ಪಟ್ಟಣದಲ್ಲಿ ಇಂಟರ್ನೆಟ್ ತಜ್ಞರ ಸಭೆ ನಡೆದಿತ್ತು. ಅಲ್ಲಿ ಸಿಸ್ಕೊದ ಕರ್ಕ್ ಲಾಹೀಡ್, ಐಬಿಎಂನ ಯಾಕೊವ್ ರೆಕ್ಟರ್ ಊಟದ ಮೇಜಿನ ಮೇಲಿದ್ದ ಕಾಗದದ ಕರವಸ್ತ್ರಗಳ ಮೇಲೆ ಇದರ ಮೊದಲ ಕರಡು ಗೀಚಿದರು. ಇಂದಿಗೂ ಇದನ್ನು ಕರವಸ್ತ್ರದ ಪ್ರೋಟೊಕಾಲ್ ಎಂದು ತಮಾಷೆ ಮಾಡುವವರಿದ್ದಾರೆ. ಈಗ ಬಳಕೆಯಲ್ಲಿರುವುದು ನಾಲ್ಕನೆಯ ಆವೃತ್ತಿ. ಅದರ ಇಂದಿನ ನಿಯಮಪತ್ರ 2006ರ ಜನವರಿಯದು. ಜಗತ್ತಿನ ಇಂಟರ್ನೆಟ್ ಎಂಬುದು ಒಂದು ಜಾಲವಲ್ಲ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಸ್ವತಂತ್ರ ಜಾಲಗಳ ಕೂಟ. ಪ್ರತಿ ಜಾಲಕ್ಕೂ ಒಂದು ಎಎಸ್ ಸಂಖ್ಯೆ ಇರುತ್ತದೆ. ಭಾರತದಲ್ಲಿ ಈ ಸಂಖ್ಯೆಯನ್ನೂ ಐಪಿ ವಿಳಾಸಗಳನ್ನೂ ಹಂಚುವುದು ನಿಕ್ಸಿ ಸಂಸ್ಥೆಯ ಐಆರ್‌ಐಎನ್‌ಎನ್ ಎಂಬ ವಿಭಾಗ.

ಬಿಜಿಪಿಯಲ್ಲಿ ಯಾರೂ ನಕ್ಷೆ ಕೊಡುವುದಿಲ್ಲ. ಪಕ್ಕದವನು ಹೇಳಿದ್ದೇ ಮಾತು. ‘ಇಂಥ ವಿಳಾಸಗಳಿಗೆ ನನ್ನ ಮೂಲಕ ಹೋಗಬಹುದು, ನನಗೆ ಈ ಸುದ್ದಿ ಇಂಥವರಿಂದ ಬಂತು, ಅವರಿಗೆ ಇಂಥವರಿಂದ ಬಂತು’ ಎಂದು ಪ್ರತಿ ಜಾಲವೂ ತನ್ನ ನೆರೆಯ ಜಾಲಕ್ಕೆ ಸಾರುತ್ತದೆ. ಸುದ್ದಿ ಯಾವ ಯಾವ ಜಾಲ ದಾಟಿ ಬಂತೆಂಬುದು ಸುದ್ದಿಯಲ್ಲೇ ಬರೆದಿರುತ್ತದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ ನೋಡಿದವರಿಗೆ ಇದು ಹೊಸದಾಗಿ ಕಾಣಲಿಕ್ಕಿಲ್ಲ. ದೊರೆಯ ಮಾತು ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರ ಮೂಲಕ ಇಸಿಲದ ಮಹಾಮಾತ್ರರಿಗೆ ಬಂತೆಂದು ಆ ಶಾಸನದ ಮೊದಲಲ್ಲೇ ಕೆತ್ತಿದೆ. ಬಿಜಿಪಿಯಲ್ಲಿ ಆ ಊರುಗಳ ಜಾಗದಲ್ಲಿ ಎಎಸ್ ಸಂಖ್ಯೆಗಳಿರುತ್ತವೆ. ಆ ಸಾಲಿಗೆ ಎಎಸ್ ಪಾತ್ ಎನ್ನುತ್ತಾರೆ. ಸಾಲಿನಲ್ಲಿ ತನ್ನದೇ ಸಂಖ್ಯೆ ಕಂಡರೆ ಸುದ್ದಿ ಸುತ್ತಿಕೊಂಡು ತನ್ನ ಬಳಿಗೇ ಬಂದಿದೆ ಎಂದು ತಿಳಿದು ರೂಟರ್ ಅದನ್ನು ಬಿಟ್ಟುಬಿಡುತ್ತದೆ.

ಇನ್ನು ಪಟ್ಟಿಯ ಮಾತು. ರೂಟ್ ಟೇಬಲ್ ಎಂದು ಒಂದೇ ಹೆಸರಿನಲ್ಲಿ ಕರೆದರೂ ಬಿಜಿಪಿಯ ನಿಯಮಪತ್ರದಲ್ಲಿ ಪಟ್ಟಿಗಳು ಮೂರು. ನೆರೆಯವರು ಹೇಳಿದ್ದೆಲ್ಲ ಹೇಳಿದ ಹಾಗೇ ಇರುವುದು ಮೊದಲನೆಯದು. ತನ್ನ ನಿಯಮ ಹಚ್ಚಿ, ತೂಗಿ ನೋಡಿ, ಆರಿಸಿಕೊಂಡದ್ದು ಎರಡನೆಯದು. ಆರಿಸಿಕೊಂಡದ್ದರಲ್ಲಿ ಯಾರಿಗೆ ಏನು ಸಾರಬೇಕೋ ಅದು ಮೂರನೆಯದು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇರುವುದೇ ಇನ್‌ಬೌಂಡ್ ಪಾಲಿಸಿ, ಅಂದರೆ ಒಳಬರುವ ದಾರಿಯ ಸುದ್ದಿಗಳಿಗೆ, ಎಂದರೆ ರೂಟ್‌ಗಳಿಗೆ, ಹಚ್ಚುವ ನಿಯಮ. ಈ ನಿಯಮ ಮೂರು ಕೆಲಸ ಮಾಡಬಲ್ಲದು. ಬಂದದ್ದನ್ನು ತಿರಸ್ಕರಿಸಬಹುದು. ಬಂದ ಹಾಗೇ ಒಪ್ಪಬಹುದು. ಇಲ್ಲವೇ ಒಪ್ಪುವಾಗಲೇ ಅದರ ಮೇಲಿನ ಗುರುತುಗಳನ್ನು ತಿದ್ದಬಹುದು.

ಚಳ್ಳಕೆರೆಯ ನಮ್ಮ ರೂಟರಿನ ಪರದೆಯನ್ನೇ ಒಮ್ಮೆ ನೋಡೋಣ. ಪಾಠಕ್ಕೆಂದೇ ಮೀಸಲಿಟ್ಟ ವಿಳಾಸಗಳೂ ಎಎಸ್ ಸಂಖ್ಯೆಗಳೂ ಇವೆ, ಅವನ್ನೇ ಬಳಸುತ್ತೇನೆ. 203.0.113.0/24 ಎಂಬ ಗುಂಪು. ಕೊನೆಯ 24 ಎಂಬ ಅಂಕೆ ಈ ಗುಂಪಿನಲ್ಲಿ 256 ವಿಳಾಸಗಳಿವೆ ಎಂದು ಹೇಳುತ್ತದೆ. ಇದಕ್ಕೆ ಪಟ್ಟಿಯಲ್ಲಿ ಎರಡು ಸಾಲು. ಮೊದಲ ಕಂಪನಿಯಿಂದ ಬಂದ ಸಾಲಿನ ಪಾತ್ 64500, 64510. ಎರಡನೆಯ ಕಂಪನಿಯಿಂದ ಬಂದದ್ದರ ಪಾತ್ 64501, 64505, 64510. ಎರಡೂ ಸಾಲಿನ ಎಡಕ್ಕೆ ನಕ್ಷತ್ರದ ಗುರುತು ಇದೆ, ಅಂದರೆ ಎರಡೂ ಬಳಕೆಗೆ ಯೋಗ್ಯ. ಮೊದಲ ಸಾಲಿಗೆ ಮಾತ್ರ ನಕ್ಷತ್ರದ ಪಕ್ಕ ಬಾಣದ ಮೊನೆಯ ಗುರುತೂ ಇದೆ. ಇದೇ ಅತ್ಯುತ್ತಮ, ಸಂಚಾರ ಇದರ ಮೇಲೆ ಎಂದು ಅದರ ಅರ್ಥ. ಯಾವುದಕ್ಕೆ ಆದ್ಯತೆ ಎಂಬ ನಿಯಮ ಏನೂ ಬರೆಯದೆ ಬಿಟ್ಟಿದ್ದರಿಂದ ರೂಟರ್ ಎರಡೇ ಜಾಲ ದಾಟುವ ಗಿಡ್ಡ ಪಾತ್ ಆರಿಸಿಕೊಂಡಿದೆ. ಗಿಡ್ಡದೇನೋ ಹೌದು, ಆದರೆ ಅದು ದುಬಾರಿ ಕೊಳವೆ.

ಮಾಲೀಕರಿಗೆ ಇದು ಒಗ್ಗದು. ಎರಡನೆಯ ಕಂಪನಿಯಿಂದ ಬರುವ ರೂಟ್‌ಗಳಿಗೆಲ್ಲ ಲೋಕಲ್ ಪ್ರಿಫರೆನ್ಸ್ 200 ಎಂದು ಹಚ್ಚಲು ಹೇಳುತ್ತಾರೆ. ಲೋಕಲ್ ಪ್ರಿಫರೆನ್ಸ್ ಎಂದರೆ ನಮ್ಮ ಜಾಲದ ಒಳಗಷ್ಟೇ ಓಡಾಡುವ ಅಂಕಿ, ಹೊರಗಿನವರಿಗೆ ಕಾಣುವುದಿಲ್ಲ. ಏನೂ ಹಚ್ಚದಿದ್ದರೆ ಸಾಮಾನ್ಯವಾಗಿ 100 ಇರುತ್ತದೆ. ದೊಡ್ಡ ಅಂಕಿಗೆ ಮೊದಲ ಮಣೆ. ಆಯ್ಕೆ ಮಾಡುವಾಗ ರೂಟರ್ ಮೊದಲು ನೋಡುವುದು ಇದನ್ನೇ. ಪಾತ್ ಎಷ್ಟು ಉದ್ದ ಎಂಬುದು ಆಮೇಲಿನ ವಿಚಾರ. ಹೊಸ ನಿಯಮ ಹಚ್ಚಿದ ಮೇಲೆ ಸಾಲುಗಳು ಎರಡೂ ಇರುತ್ತವೆ, ನಕ್ಷತ್ರಗಳೂ ಇರುತ್ತವೆ. ಬಾಣದ ಮೊನೆ ಮಾತ್ರ ಎರಡನೆಯ ಸಾಲಿಗೆ ಹೋಗುತ್ತದೆ. ಜಗತ್ತಿನಲ್ಲಿ ಯಾವ ತಂತಿಯೂ ಕದಲಿಲ್ಲ, ಯಾರೂ ಹೊಸ ಸುದ್ದಿ ಸಾರಲಿಲ್ಲ. ಚಳ್ಳಕೆರೆಯಲ್ಲಿ ಒಂದು ಅಂಕಿ ಬದಲಾಯಿತು, ದಾರಿ ಬದಲಾಯಿತು.

ಇನ್ನೊಂದು ಸಂದರ್ಭ. ಮೊದಲ ಕಂಪನಿಯಿಂದ ಬರುವ ಈ ಗುಂಪನ್ನು ನಿಯಮ ತಿರಸ್ಕರಿಸುವಂತೆ ಬರೆದರು ಎನ್ನೋಣ. ಆಗ ಆ ಸಾಲು ಪಟ್ಟಿಯಿಂದಲೇ ಮಾಯ. ತಿಂಗಳಾದ ಮೇಲೆ ಹೊಸ ಹುಡುಗನೊಬ್ಬ ಕೆಲಸಕ್ಕೆ ಬರುತ್ತಾನೆ. ಪಟ್ಟಿ ನೋಡಿ ಮೊದಲ ಕಂಪನಿಗೆ ಫೋನ್ ಮಾಡುತ್ತಾನೆ.

‘ಸರ್, ಈ ರೂಟ್ ನಿಮ್ಮಿಂದ ಬರ್ತಿಲ್ಲ.’

‘ನಾವು ಕಳಿಸ್ತಾನೇ ಇದೀವಿ, ನಿಮ್ಮ ಕಡೆ ನೋಡ್ಕೊಳ್ಳಿ.’

ಇಬ್ಬರ ಮಾತೂ ನಿಜ. ಅವರು ಕಳಿಸಿದ್ದಾರೆ, ಇವರು ಒಳಗೆ ಬಿಟ್ಟಿಲ್ಲ. ಕೆಲವು ಕಂಪನಿಗಳ ರೂಟರ್ ತಿರಸ್ಕರಿಸಿದ್ದನ್ನೂ ಮೊದಲನೆಯ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ, ಕೇಳಿದರೆ ತೋರಿಸುತ್ತದೆ. ಕೆಲವು ನೆನಪಿನ ಜಾಗ ಉಳಿಸಲು ಆಗಲೇ ಎಸೆದುಬಿಡುತ್ತವೆ, ಇಟ್ಟುಕೋ ಎಂದು ಮುಂಚೆಯೇ ಹೇಳಿದ್ದರೆ ಮಾತ್ರ ಇಡುತ್ತವೆ. ಹಾಗಾಗಿ ಪಟ್ಟಿಯಲ್ಲಿ ಕಾಣದ ರೂಟ್ ಜಗತ್ತಿನಲ್ಲೇ ಇಲ್ಲ ಎಂದು ತೀರ್ಮಾನಿಸುವಂತಿಲ್ಲ.

ನಿಯಮ ಬದಲಿಸಿದರೂ ಪಟ್ಟಿ ಬದಲಾಗದ ಸಂದರ್ಭವೂ ಉಂಟು. ಬಿಜಿಪಿಯಲ್ಲಿ ಒಂದು ಸುದ್ದಿಯನ್ನು ಒಮ್ಮೆ ಹೇಳಿದರೆ ಮುಗಿಯಿತು. ಬದಲಾವಣೆಯಾಗುವ ತನಕ ನೆರೆಯವನು ಮತ್ತೆ ಹೇಳುವುದಿಲ್ಲ. ನಿನ್ನೆ ಬಂದ ಸುದ್ದಿಗೆ ನಿನ್ನೆಯ ನಿಯಮ ಹತ್ತಿದೆ. ಇವತ್ತಿನ ನಿಯಮ ಹತ್ತಬೇಕಾದರೆ ಸುದ್ದಿ ಮತ್ತೊಮ್ಮೆ ಬರಬೇಕು. ಹಿಂದೆಲ್ಲ ಇದಕ್ಕೆ ನೆರೆಯವನ ಜೊತೆಗಿನ ಸಂಪರ್ಕವನ್ನೇ ಕಡಿದು ಮತ್ತೆ ಕೂಡಿಸುತ್ತಿದ್ದರು, ಆ ಹೊತ್ತು ಗಿರಾಕಿಗಳ ಇಂಟರ್ನೆಟ್ ನಿಲ್ಲುತ್ತಿತ್ತು. ಇಲ್ಲದಿದ್ದರೆ ಬಂದದ್ದೆಲ್ಲದರ ಪ್ರತಿ ಇಟ್ಟುಕೊಳ್ಳಬೇಕಿತ್ತು. 2000ದ ಸೆಪ್ಟೆಂಬರಿನಲ್ಲಿ ರೂಟ್ ರಿಫ್ರೆಶ್ ಎಂಬ ಸೌಲಭ್ಯದ ನಿಯಮಪತ್ರ ಬಂತು. ಸಂಪರ್ಕ ಕಡಿಯದೆ ‘ಇನ್ನೊಮ್ಮೆ ಹೇಳು’ ಎಂದು ಕೇಳುವುದು ಅದರಿಂದ ಸಾಧ್ಯವಾಯಿತು. ಕೆಲವು ರೂಟರ್‌ಗಳು ಈಗ ತಾವಾಗಿಯೇ ಹಾಗೆ ಕೇಳುತ್ತವೆ, ಕೆಲವಕ್ಕೆ ನಾವೇ ಹೇಳಬೇಕು. ಹೇಳುವುದನ್ನು ಮರೆತು, ನಿಯಮವೇ ಸರಿಯಿಲ್ಲವೆಂದು ರಾತ್ರಿಯೆಲ್ಲ ತಿದ್ದುತ್ತ ಕೂರುವವರು ಬೆಂಗಳೂರಿನಲ್ಲೂ ಇದ್ದಾರೆ.

ಈಗ ಒಂದು ಎಡವಟ್ಟಿನ ಜಾಗಕ್ಕೆ ಬರೋಣ. ಸಂಜೆ ಏಳು ಗಂಟೆ. ಬಿ.ಜಿ. ಕೆರೆಯಲ್ಲಿ ವಿಡಿಯೊ ನಿಂತು ನಿಂತು ಬರುತ್ತಿದೆ. ಮೊದಲ ಕಂಪನಿಯ ಸಣ್ಣ ಕೊಳವೆ ತುಂಬಿ ತುಳುಕುತ್ತಿದೆ, ಎರಡನೆಯದು ಅರ್ಧ ಖಾಲಿ. ಲೋಕಲ್ ಪ್ರಿಫರೆನ್ಸ್ 200 ಇರುವುದನ್ನು 300 ಮಾಡಿದರೆ ಸರಿಹೋದೀತೇ? ಒಂದಿಷ್ಟೂ ಸರಿಹೋಗುವುದಿಲ್ಲ. ರೂಟ್ ಒಳಗೆ ಬಂದ ದಿಕ್ಕಿಗೆ ಸಂಚಾರ ಹೊರಗೆ ಹೋಗುತ್ತದೆ. ನಾವು ಒಳಗೆ ಬಿಟ್ಟುಕೊಂಡ ರೂಟ್‌ಗಳು ನಮ್ಮಿಂದ ಹೊರಡುವ ಸಂಚಾರದ ದಾರಿಯನ್ನಷ್ಟೇ ತೀರ್ಮಾನಿಸುತ್ತವೆ. ವಿಡಿಯೊ ಒತ್ತಿದ ಬೇಡಿಕೆ ಹೊರಹೋಗುವುದು ನಮ್ಮ ನಿಯಮದಂತೆ. ಆದರೆ ಆ ಬೇಡಿಕೆ ಚಿಕ್ಕದು, ತುಂಬಿ ಬರುವುದು ವಿಡಿಯೊ. ಅದು ಯಾವ ದಾರಿಯಲ್ಲಿ ಚಳ್ಳಕೆರೆಗೆ ಬರಬೇಕೆಂದು ತೀರ್ಮಾನಿಸುವುದು ಆಚೆಯ ಜಾಲಗಳ ಒಳಬರುವ ನಿಯಮ. ನಮ್ಮ ವಿಳಾಸಗಳ ಸುದ್ದಿ ಅವರಿಗೆ ಎರಡು ಕಡೆಯಿಂದ ತಲುಪಿರುತ್ತದೆ, ಯಾವುದಕ್ಕೆ ಮಣೆ ಹಾಕಬೇಕೆಂಬುದು ಅವರ ಇಷ್ಟ.

ನಾವು ಮಾಡಬಹುದಾದದ್ದು ಕೋರಿಕೆ ಮಾತ್ರ. ಮೊದಲ ಕಂಪನಿಗೆ ಸಾರುವಾಗ ನಮ್ಮ ಎಎಸ್ ಸಂಖ್ಯೆಯನ್ನೇ ಮೂರು ನಾಲ್ಕು ಸಲ ಬರೆದು ಪಾತ್ ಉದ್ದವಾಗಿ ಕಾಣುವಂತೆ ಮಾಡುವುದು ಹಳೆಯ ಉಪಾಯ. ಇದು ಬಹಳ ಸಲ ಫಲಿಸುವುದಿಲ್ಲ, ಕಾರಣ ಆಗಲೇ ಹೇಳಿದೆ. ಆ ಕಡೆಯವರು ಲೋಕಲ್ ಪ್ರಿಫರೆನ್ಸ್ ಹಚ್ಚಿದ್ದರೆ ಪಾತ್‌ನ ಉದ್ದದ ಸರದಿ ಬರುವುದೇ ಇಲ್ಲ. ದೊಡ್ಡ ಕಂಪನಿಗಳು ದುಡ್ಡು ಕೊಡುವ ಗಿರಾಕಿಯಿಂದ ಬಂದ ರೂಟ್‌ಗೆ ಹೆಚ್ಚು, ಸಮಾನ ನೆರೆಯವರಿಂದ ಬಂದದ್ದಕ್ಕೆ ಕಡಿಮೆ, ತಾವೇ ದುಡ್ಡು ಕೊಟ್ಟು ಕೊಳ್ಳುವ ಕಡೆಯಿಂದ ಬಂದದ್ದಕ್ಕೆ ಇನ್ನೂ ಕಡಿಮೆ ಅಂಕಿ ಹಚ್ಚುವುದು ರೂಢಿ. ಕಮ್ಯೂನಿಟಿ ಎಂಬ ಗುರುತು ಇದಕ್ಕಿಂತ ವಾಸಿ. ‘ಈ ಗುರುತು ಹಚ್ಚಿ ಕಳಿಸಿದರೆ ನಮ್ಮಲ್ಲಿ ಅಂಕಿ ಇಳಿಸುತ್ತೇವೆ’ ಎಂದು ಹಲವು ಕಂಪನಿಗಳು ಮೊದಲೇ ತಿಳಿಸಿರುತ್ತವೆ. ಆಗಲೂ ಕೆಲಸ ಮಾಡುವುದು ಅವರ ಒಳಬರುವ ನಿಯಮವೇ.

ಲೋಕಲ್ ಪ್ರಿಫರೆನ್ಸ್‌ಗಿಂತ ಮೇಲಿನದೊಂದು ಇದೆ. ಸಣ್ಣ ಗುಂಪಿನ ಸುದ್ದಿ ದೊಡ್ಡ ಗುಂಪಿನ ಸುದ್ದಿಯನ್ನು ಯಾವಾಗಲೂ ಗೆಲ್ಲುತ್ತದೆ. 1,024 ವಿಳಾಸಗಳ ಗುಂಪಿಗೆ ಒಬ್ಬ, ಅದರೊಳಗಿನ 256ಕ್ಕೆ ಇನ್ನೊಬ್ಬ ದಾರಿ ಸಾರಿದರೆ ಆ 256ಕ್ಕೆ ಹೋಗುವ ಸಂಚಾರ ಎರಡನೆಯವನ ಪಾಲು. ಇವೆರಡೂ ಪಟ್ಟಿಯಲ್ಲಿ ಬೇರೆ ಬೇರೆ ನಮೂದುಗಳು. ಒಂದರ ಅಂಕಿ ಇನ್ನೊಂದರ ಜೊತೆ ಸ್ಪರ್ಧೆಗೇ ಇಳಿಯುವುದಿಲ್ಲ. ಇದರ ಫಲ ಜಗತ್ತಿಗೆ ಕಂಡದ್ದು 2008ರ ಫೆಬ್ರುವರಿ 24ರಂದು. ಯೂಟ್ಯೂಬ್ ತಡೆಯಬೇಕೆಂದು ಪಾಕಿಸ್ತಾನದಲ್ಲಿ ಸರ್ಕಾರದ ಆದೇಶವಾಗಿತ್ತು. ಅಲ್ಲಿನ ಪಾಕಿಸ್ತಾನ್ ಟೆಲಿಕಾಂ ಯೂಟ್ಯೂಬಿನ 1,024 ವಿಳಾಸಗಳ ಗುಂಪಿನೊಳಗಿನ 256 ವಿಳಾಸಗಳನ್ನು ತನ್ನದೆಂಬಂತೆ ಸಾರಿತು. ದೇಶದೊಳಗೇ ಉಳಿಯಬೇಕಿದ್ದ ಸುದ್ದಿ ಹಾಂಕಾಂಗಿನ ಪಿಸಿಸಿಡಬ್ಲ್ಯೂ ಕಂಪನಿಗೂ ಹೋಯಿತು. ತನ್ನ ಗಿರಾಕಿಯಾದ ಪಾಕಿಸ್ತಾನ್ ಟೆಲಿಕಾಂ ಸಾರುವುದು ಅದರದೇ ವಿಳಾಸವೋ ಅಲ್ಲವೋ ಎಂದು ಪಿಸಿಸಿಡಬ್ಲ್ಯೂ ಬಾಗಿಲಲ್ಲಿ ತಡೆದು ನೋಡಲಿಲ್ಲ, ಒಪ್ಪಿತು, ಲೋಕಕ್ಕೆಲ್ಲ ಸಾರಿತು. ಎರಡು ಗಂಟೆಗೂ ಹೆಚ್ಚು ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ತಪ್ಪು ಸಾರಿದ್ದು ಒಬ್ಬರು, ಅದನ್ನು ಲೋಕದ ತಪ್ಪಾಗಿಸಿದ್ದು ಕೇಳದೆ ಒಳಗೆ ಬಿಟ್ಟುಕೊಂಡವರು.

ನಮ್ಮ ದೇಶದಲ್ಲೂ ಇಂಥವು ಆಗಿವೆ. 2015ರ ನವೆಂಬರ್ 6ರಂದು ಏರ್‌ಟೆಲ್‌ನ 9498 ಸಂಖ್ಯೆಯ ಜಾಲ ಸುಮಾರು 16,000 ಗುಂಪುಗಳ ವಿಳಾಸಗಳನ್ನು ತಾನೇ ಮೂಲ ಎಂಬಂತೆ ಸಾರಿತು. ಅವು ಎರಡು ಸಾವಿರಕ್ಕೂ ಹೆಚ್ಚು ಬೇರೆ ಬೇರೆ ಜಾಲಗಳಿಗೆ ಸೇರಿದವು. ಸರಿಹೋಗಲು ಗಂಟೆಗಳೇ ಹಿಡಿದವು. 2021ರ ಏಪ್ರಿಲ್ 16ರ ಸಂಜೆ ವೊಡಾಫೋನ್ ಐಡಿಯಾದ 55410 ಸಂಖ್ಯೆಯ ಜಾಲದಿಂದ 30,000ಕ್ಕೂ ಹೆಚ್ಚು ಗುಂಪುಗಳ ಸುದ್ದಿ ಹೀಗೇ ಹೊರಬಿತ್ತು. ಎಲ್ಲೆಲ್ಲಿಯದೋ ಸಂಚಾರ ಆ ಜಾಲದ ಮೇಲೆ ಮುಗಿಬಿತ್ತು, ಕೆಲವೇ ನಿಮಿಷಗಳಲ್ಲಿ ನಿಂತಿತು. ಎರಡೂ ಸಲ ಒಳಬರುವ ನಿಯಮ ಬಿಗಿಯಾಗಿದ್ದ ಜಾಲಗಳ ಪಟ್ಟಿಗೆ ಈ ಸುಳ್ಳು ಸುದ್ದಿ ಏರಲಿಲ್ಲ.

ಬಿಗಿ ಮಾಡುವುದು ಹೇಗೆ? ಇಂದು ಇದಕ್ಕೆ ಆರ್‌ಪಿಕೆಐ ಎಂಬ ವ್ಯವಸ್ಥೆ ಇದೆ. ಈ ವಿಳಾಸಗಳನ್ನು ಸಾರುವ ಹಕ್ಕು ಇಂಥ ಎಎಸ್ ಸಂಖ್ಯೆಗೆ ಇದೆ, ಇಷ್ಟು ಸಣ್ಣ ಗುಂಪಿನವರೆಗೆ ಸಾರಬಹುದು ಎಂದು ವಿಳಾಸದ ಒಡೆಯರೇ ಡಿಜಿಟಲ್ ಸಹಿ ಹಾಕಿ ದಾಖಲಿಸುತ್ತಾರೆ. ಆ ದಾಖಲೆಗೆ ಆರ್‌ಒಎ ಎಂದು ಹೆಸರು. ಬಂದ ರೂಟ್ ದಾಖಲೆಗೆ ಹೊಂದಿದರೆ ಸಿಂಧು, ವಿರುದ್ಧವಿದ್ದರೆ ಅಸಿಂಧು, ದಾಖಲೆಯೇ ಇಲ್ಲದಿದ್ದರೆ ಗೊತ್ತಿಲ್ಲ. ಅಸಿಂಧುವಾದದ್ದನ್ನು ಬಾಗಿಲಲ್ಲೇ ಬಿಡುವುದು ಒಳಬರುವ ನಿಯಮದ ಒಂದು ಸಾಲು. ಇದಕ್ಕೂ ಮಿತಿ ಇದೆ. ಮೂಲ ಸರಿಯೇ ಎಂದಷ್ಟೇ ಇದು ನೋಡುತ್ತದೆ, ನಡುವಿನ ದಾರಿ ಸರಿಯೇ ಎಂದು ನೋಡುವುದಿಲ್ಲ. ಒಬ್ಬನಿಂದ ಕೇಳಿದ್ದನ್ನು ಹೇಳಬಾರದ ಇನ್ನೊಬ್ಬನಿಗೆ ಹೇಳುವ ಸೋರಿಕೆಯನ್ನು ಇದು ಹಿಡಿಯಲಾರದು. ಅದಕ್ಕೆ ಬೇರೆ ಕಟ್ಟುಪಾಡು ಬೇಕು. ಗಿರಾಕಿಯಿಂದ ಅವನ ವಿಳಾಸಗಳನ್ನು ಮಾತ್ರ ಒಪ್ಪಬೇಕು, ನಮ್ಮದೇ ವಿಳಾಸ ಹೊರಗಿನಿಂದ ಬಂದರೆ ಒಪ್ಪಬಾರದು, ನೆರೆಯವನಿಂದ ಇಷ್ಟು ಸಾವಿರಕ್ಕಿಂತ ಹೆಚ್ಚು ರೂಟ್ ಒಮ್ಮೆಲೇ ಬಂದರೆ ಸಂಪರ್ಕವನ್ನೇ ನಿಲ್ಲಿಸಬೇಕು.

ಎಷ್ಟು ರೂಟ್ ಒಳಗೆ ಬಿಟ್ಟುಕೊಳ್ಳಬೇಕೆಂಬುದು ಸಣ್ಣವರಿಗೆ ಜೇಬಿನ ಪ್ರಶ್ನೆಯೂ ಹೌದು. ಐಪಿವಿ4 ಎಂಬ ಹಳೆಯ ರೀತಿಯ ವಿಳಾಸಗಳ ಪೂರ್ತಿ ಪಟ್ಟಿ ಇಂದು ಹತ್ತು ಲಕ್ಷ ನಮೂದುಗಳ ಆಸುಪಾಸಿನಲ್ಲಿದೆ. 2014ರ ಆಗಸ್ಟ್ 12ರಂದು ಅದು 5,12,000 ದಾಟಿದಾಗ ಅಷ್ಟಕ್ಕೇ ಜಾಗವಿದ್ದ ಹಳೆಯ ರೂಟರ್‌ಗಳು ಹಲವು ಕಡೆ ಮುಗ್ಗರಿಸಿದವು. ಚಳ್ಳಕೆರೆಯವರ ಬಳಿ ಅಗ್ಗದ ರೂಟರ್ ಇದ್ದರೆ ಪೂರ್ತಿ ಪಟ್ಟಿ ತರಿಸಿಕೊಳ್ಳಬೇಕಿಲ್ಲ. ಎರಡೂ ಕಂಪನಿಗಳಿಂದ ಡೀಫಾಲ್ಟ್ ರೂಟ್, ಅದರ ಜೊತೆಗೆ ಆಯಾ ಕಂಪನಿಯ ಸ್ವಂತ ಗಿರಾಕಿಗಳ ರೂಟ್ ಇಷ್ಟನ್ನೇ ಒಪ್ಪಿದರೆ ಸಾಕು. ಪಟ್ಟಿ ಸಾವಿರಗಳಿಗೆ ಇಳಿಯುತ್ತದೆ, ಕೆಲಸ ನಡೆಯುತ್ತದೆ.

ಮೊದಲೆಲ್ಲ ಯಾವ ನಿಯಮವೂ ಬರೆಯದಿದ್ದರೆ ಬಹಳಷ್ಟು ರೂಟರ್‌ಗಳು ಬಂದದ್ದನ್ನೆಲ್ಲ ಒಪ್ಪುತ್ತಿದ್ದವು. 2017ರ ಜುಲೈನಲ್ಲಿ ಬಂದ ನಿಯಮಪತ್ರ ಇದನ್ನು ತಿರುವುಮುರುವು ಮಾಡಿತು. ಹೊರಗಿನ ನೆರೆಯವನಿಗೆ ನಿಯಮ ಬರೆಯದಿದ್ದರೆ ಅವನಿಂದ ಯಾವ ರೂಟನ್ನೂ ಒಪ್ಪಬಾರದು, ಅವನಿಗೆ ಯಾವುದನ್ನೂ ಸಾರಬಾರದು ಎಂದಿತು. ಇದನ್ನು ಪಾಲಿಸುವ ರೂಟರ್ ಕೊಂಡವರು ಸಂಪರ್ಕ ಕೂಡಿದ್ದರೂ ಪಟ್ಟಿ ಖಾಲಿ ಇರುವುದನ್ನು ಕಂಡು ಗಾಬರಿಯಾಗುವುದುಂಟು. ರೂಟರ್ ಕೆಟ್ಟಿಲ್ಲ, ಅದು ನಿಮ್ಮ ಅಪ್ಪಣೆಗೆ ಕಾಯುತ್ತಿದೆ.

ಚಳ್ಳಕೆರೆ, ಮೊಳಕಾಲ್ಮುರು ಕಡೆ ಡಿಪ್ಲೊಮಾ, ಇಂಜಿನಿಯರಿಂಗ್ ಓದಿ ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರಿಗೆ ನನ್ನ ಮಾತು ಇಷ್ಟೇ. ಒಂದು ರೂಟ್ ಕಾಣದಿದ್ದಾಗ, ಅಥವಾ ಬೇಡದ ದಾರಿ ಹಿಡಿದಾಗ, ನಾಲ್ಕು ಪ್ರಶ್ನೆಗಳನ್ನು ಇದೇ ಅನುಕ್ರಮದಲ್ಲಿ ಕೇಳಿಕೊಳ್ಳಿ. ನೆರೆಯವನು ಏನು ಕಳಿಸಿದ? ನಮ್ಮ ನಿಯಮ ಅದರಲ್ಲಿ ಏನನ್ನು ಬಿಟ್ಟುಕೊಂಡಿತು, ಏನು ತಿದ್ದಿತು? ಉಳಿದದ್ದರಲ್ಲಿ ಯಾವುದು ಗೆದ್ದಿತು, ಏಕೆ? ಅದಕ್ಕಿಂತ ಸಣ್ಣ ಗುಂಪಿನ ಸುದ್ದಿ ಬೇರೆ ಕಡೆಯಿಂದ ಬಂದಿದೆಯೇ? ಈ ನಾಲ್ಕಕ್ಕೆ ಉತ್ತರ ಸಿಗುವ ಮುನ್ನ ಯಾರಿಗೂ ಫೋನ್ ಮಾಡಬೇಡಿ. ಸಣ್ಣದೋ ದೊಡ್ಡದೋ, ಸ್ವಂತ ವಿಳಾಸ ಪಡೆದು ಸೇವೆ ನಡೆಸುತ್ತಿರುವವರಿಗೂ ಒಂದು ಮನವಿ ಇದೆ. ನಿಮ್ಮ ಆರ್‌ಒಎ ಇನ್ನೂ ದಾಖಲಾಗಿಲ್ಲದಿದ್ದರೆ ಈ ವಾರವೇ ಐಆರ್‌ಐಎನ್‌ಎನ್ ತಾಣದಲ್ಲಿ ದಾಖಲಿಸಿ, ಮತ್ತು ಪ್ರತಿ ನೆರೆಯವನಿಗೂ ಒಳಬರುವ ನಿಯಮವೊಂದನ್ನು ಬರೆದಿಡಿ.